ಬಾಡಿಗೆ ಮನೆ ಬಿಡುವುದು, ಕೀ ವಾಪಸ್ ಕೊಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಲ್ಲಿ 22 ವರ್ಷದಲ್ಲಿ ಒಂಬತ್ತು ಬಾಡಿಗೆ ಮನೆ ಬದಲಿಸಿದ್ದೇನೆ. ಈಗ ಮೈಸೂರಿನಲ್ಲಿ ಅಪ್ಪ ಕಟ್ಟಿಸಿದ ಮನೆಯ ಮಹಡಿಯನ್ನು ನಾನೇ ಬಾಡಿಗೆಗೆ ಕೊಟ್ಟಿದ್ದೇನೆ. ಹಾಗಾಗಿ ಎರಡೂ ಕಡೆಯ ತಲೆನೋವು ಗೊತ್ತು. ನೆಂಟರು, ಆಫೀಸಿನವರು, ಓದುಗರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಇಲ್ಲಿ ಸೇರಿಸಿದ್ದೇನೆ. ಎಲ್ಲವೂ ಕರ್ನಾಟಕದಲ್ಲಿ ತಿಂಗಳ ಬಾಡಿಗೆಗೆ ಕೊಟ್ಟ ವಾಸದ ಮನೆಗಳ ಬಗ್ಗೆ. ಅಂಗಡಿ, ಗೋಡೌನ್ ವಿಷಯ ಇಲ್ಲಿಲ್ಲ. ನಾನು ವಕೀಲನಲ್ಲ. ಜಗಳ ಕೋರ್ಟ್ ಬಾಗಿಲಿಗೆ ಬಂದಿದ್ದರೆ ವಕೀಲರನ್ನೇ ನೋಡಿ.

## ಮನೆ ಬಿಡುವ ಯೋಚನೆ ಬಂದಾಗ

ಅಗ್ರಿಮೆಂಟ್ ಮುಗಿದು ಎರಡು ವರ್ಷ ಆಯ್ತು, ಯಾರೂ ರಿನ್ಯೂ ಮಾಡಿಲ್ಲ. ನಾನೀಗ ಯಾವ ಲೆಕ್ಕದಲ್ಲಿ ಇದ್ದೀನಿ?

ತಿಂಗಳ ಬಾಡಿಗೆದಾರರ ಲೆಕ್ಕದಲ್ಲಿ. ಅಗ್ರಿಮೆಂಟ್ ಮುಗಿದ ಮೇಲೂ ನೀವು ಮನೆಯಲ್ಲೇ ಇದ್ದೀರಿ, ಓನರ್ ಬಾಡಿಗೆ ತಗೊಳ್ಳುತ್ತಲೇ ಇದ್ದಾರೆ ಅಂದರೆ ಬಾಡಿಗೆ ತಿಂಗಳಿಂದ ತಿಂಗಳಿಗೆ ಮುಂದುವರಿದಂತೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 116ನೇ ಸೆಕ್ಷನ್ ಹೇಳುವುದು ಇದನ್ನೇ. ನೀವು ಅಕ್ರಮವಾಗಿ ಕೂತಿಲ್ಲ. ಹಾಗಂತ ಬೇಕಾದ ದಿನ ಎದ್ದು ಹೋಗುವ ಹಾಗೂ ಇಲ್ಲ. ಬಿಡುವವರು, ಬಿಡಿಸುವವರು ಇಬ್ಬರೂ ನೋಟಿಸ್ ಕೊಡಬೇಕು.

ಅಗ್ರಿಮೆಂಟ್ 11 ತಿಂಗಳಿಗೇ ಯಾಕೆ ಅಂತಲೂ ಕೇಳುತ್ತಾರೆ. ಒಂದು ವರ್ಷ ಮೀರಿದ ಕರಾರನ್ನು ನೋಂದಾಯಿಸಲೇಬೇಕು. ಸಬ್ ರಿಜಿಸ್ಟ್ರಾರ್ ಆಫೀಸಿನ ಓಡಾಟ, ಖರ್ಚು ಉಳಿಸೋಕೆ ಎಲ್ಲರೂ 11ಕ್ಕೆ ನಿಲ್ಲಿಸುತ್ತಾರೆ, ಅಷ್ಟೇ.

ಎಷ್ಟು ದಿನ ಮುಂಚೆ ಹೇಳಬೇಕು? ಒಬ್ಬರು 15 ದಿನ ಅಂತಾರೆ, ಇನ್ನೊಬ್ಬರು ಎರಡು ತಿಂಗಳು ಅಂತಾರೆ.

ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಕರಾರಿನಲ್ಲಿ ಏನೂ ಬರೆದಿಲ್ಲದಿದ್ದರೆ ವಾಸದ ಮನೆಗೆ 15 ದಿನದ ನೋಟಿಸ್ ಸಾಕು ಅನ್ನುತ್ತದೆ ಅದೇ ಕಾಯ್ದೆಯ 106ನೇ ಸೆಕ್ಷನ್. ಆದರೆ ಬೆಂಗಳೂರಿನ ಅಗ್ರಿಮೆಂಟುಗಳಲ್ಲಿ ಒಂದು ಅಥವಾ ಎರಡು ತಿಂಗಳು ಅಂತ ಬರೆದೇ ಇರುತ್ತಾರೆ. ಬರೆದಿದ್ದರೆ ಅದೇ ನಡೆಯುತ್ತದೆ.

ಅಗ್ರಿಮೆಂಟ್ ಅವಧಿ ಮುಗಿದಿದೆ, ಹಾಗಾಗಿ ಅದರಲ್ಲಿರುವ ಎರಡು ತಿಂಗಳ ಮಾತೂ ಮುಗಿಯಿತು ಅಂತ ವಾದ ಮಾಡುವವರಿದ್ದಾರೆ. ಆ ವಾದ ಬೇಡ. ಮುಂದುವರಿದ ಬಾಡಿಗೆಗೆ ಹಳೆಯ ಷರತ್ತುಗಳೇ ಅಂಟಿಕೊಂಡು ಬರುತ್ತವೆ ಅಂತ ಓನರ್ ಹೇಳಬಹುದು. ಅಡ್ವಾನ್ಸ್ ಅವರ ಕೈಲಿದೆ, ನಿಮ್ಮ ಕೈಲಿಲ್ಲ. ಎರಡರಲ್ಲಿ ಯಾವುದು ಜಾಸ್ತಿಯೋ ಅಷ್ಟು ದಿನ ಮುಂಚೆ ಹೇಳಿ.

ಅಗ್ರಿಮೆಂಟ್ ಇನ್ನೂ ಚಾಲ್ತಿಯಲ್ಲಿದ್ದರೆ ಲಾಕ್-ಇನ್ ಅನ್ನುವ ಸಾಲು ಇದೆಯಾ ನೋಡಿ. ಇದ್ದರೆ ಅಷ್ಟು ತಿಂಗಳ ಒಳಗೆ ಬಿಟ್ಟರೆ ಎಷ್ಟು ಕಡಿತ ಅಂತ ಅಲ್ಲೇ ಬರೆದಿರುತ್ತದೆ.

ವಾಟ್ಸಾಪಲ್ಲಿ ಹೇಳಿದ್ರೆ ಸಾಕಲ್ವಾ? ಅವರೂ ಹೆಬ್ಬೆರಳು ತೋರಿಸಿದಾರೆ.

ಓನರ್ ಒಳ್ಳೆಯವರಾದರೆ ಸಾಕು. ಒಳ್ಳೆಯವರೋ ಅಲ್ಲವೋ ಅನ್ನುವುದು ಗೊತ್ತಾಗುವುದು ಮಾತ್ರ ಅಡ್ವಾನ್ಸ್ ಕೇಳಿದ ದಿನ. ಕಾನೂನು ಕೇಳುವುದು ಬರೆದು ಸಹಿ ಹಾಕಿದ ನೋಟಿಸ್. ಅದನ್ನು ಅಂಚೆಯಲ್ಲಿ ಕಳಿಸಬಹುದು, ಅವರ ಕೈಗೇ ಕೊಡಬಹುದು, ಅವರ ಮನೆಯಲ್ಲಿ ಕುಟುಂಬದವರಿಗೋ ಕೆಲಸದವರಿಗೋ ಕೊಡಬಹುದು. ವಾಟ್ಸಾಪ್ ಮೆಸೇಜ್ ಸಾಕ್ಷಿಯಾಗಿ ಉಪಯೋಗಕ್ಕೆ ಬರುತ್ತದೆ, ಅಳಿಸಬೇಡಿ. ಆದರೆ ಜೊತೆಗೊಂದು ಕಾಗದವೂ ಹೋಗಲಿ. ನಾನು ಬರೆಯುವುದು ಇಷ್ಟೇ:

"ಇವರಿಗೆ, (ಓನರ್ ಹೆಸರು, ವಿಳಾಸ). ನಿಮ್ಮ (ಮನೆ ನಂಬರ್, ರಸ್ತೆ, ಬಡಾವಣೆ) ಮನೆಯಲ್ಲಿ ತಿಂಗಳಿಗೆ 22,000 ರೂಪಾಯಿ ಬಾಡಿಗೆಗೆ ಇದ್ದೇನೆ. ಜೂನ್ 30ಕ್ಕೆ ಬಾಡಿಗೆ ಕೊನೆಗೊಳಿಸಿ, ಅಂದು ಸಂಜೆ ಮನೆಯ ಖಾಲಿ ಸ್ವಾಧೀನವನ್ನು ನಿಮಗೆ ಒಪ್ಪಿಸುತ್ತೇನೆ. ಕೀ ತೆಗೆದುಕೊಳ್ಳಲು ಯಾರು ಬರುತ್ತೀರಿ ಎಂದು ತಿಳಿಸಿ. ಅಂದೇ ಲೆಕ್ಕ ನೋಡಿ ಅಡ್ವಾನ್ಸ್ 1,50,000 ರೂಪಾಯಿಯಲ್ಲಿ ಉಳಿದದ್ದನ್ನು ಕೊಡಬೇಕಾಗಿ ವಿನಂತಿ. (ತಾರೀಕು, ಸಹಿ)"

ಎರಡು ಪ್ರತಿ ಮಾಡಿ. ಒಂದರ ಮೇಲೆ "ತಲುಪಿದೆ" ಅಂತ ಬರೆಸಿ ಅವರ ಸಹಿ, ತಾರೀಕು ಹಾಕಿಸಿಕೊಳ್ಳಿ. ಸಹಿ ಹಾಕಲ್ಲ ಅಂದರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ಅಂಚೆ ಇಲಾಖೆ 2025ರಲ್ಲಿ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟಿಗೇ ಸೇರಿಸಿದೆ, ಹಾಗಾಗಿ ಹಳೆಯ ಹೆಸರು ಹೇಳಿಕೊಂಡು ಕೌಂಟರಲ್ಲಿ ಹುಡುಕಬೇಡಿ.

ತಿಂಗಳ ಮಧ್ಯೆ ನೋಟಿಸ್ ಕೊಡಬಹುದಾ?

ಕೊಡಬಹುದು. ನೋಟಿಸ್ ಬಾಡಿಗೆ ತಿಂಗಳ ಕೊನೆಗೇ ಮುಗಿಯಬೇಕು ಅನ್ನುವ ಹಳೆಯ ನಿಯಮ 2002ರ ಕೊನೆಯಲ್ಲಿ ಬಂದ ತಿದ್ದುಪಡಿಯಲ್ಲಿ ಹೋಯಿತು. ಈಗ ದಿನ ಎಣಿಸುವುದು ನೋಟಿಸ್ ಅವರ ಕೈ ಸೇರಿದಲ್ಲಿಂದ, ನೀವು ಬರೆದ ದಿನದಿಂದಲ್ಲ. ಅಂಚೆಯಲ್ಲಿ ಕಳಿಸುವುದಾದರೆ ನಾಲ್ಕೈದು ದಿನ ಜಾಸ್ತಿ ಇಟ್ಟುಕೊಳ್ಳಿ.

ಓನರ್ ಜುಲೈಯಲ್ಲಿ ಖಾಲಿ ಮಾಡಿ ಅಂತಿದಾರೆ. ಆಷಾಢದಲ್ಲಿ ಹೊಸ ಮನೆಗೆ ಹಾಲು ಉಕ್ಕಿಸಲ್ಲ ಅಂತ ಅತ್ತೆ ಹಟ ಹಿಡಿದಿದಾರೆ.

ಕಾನೂನಿಗೆ ಆಷಾಢ ಗೊತ್ತಿಲ್ಲ. ಓನರಿಗೆ ಗೊತ್ತಿರುತ್ತದೆ. ಎಷ್ಟೋ ಓನರುಗಳಿಗೆ ಆಷಾಢದಲ್ಲಿ ಹೊಸ ಬಾಡಿಗೆದಾರರೂ ಸಿಗುವುದಿಲ್ಲ, ಆದ್ದರಿಂದ ಶ್ರಾವಣದವರೆಗೆ ಕೇಳಿದರೆ ಬಹಳ ಜನ ಒಪ್ಪುತ್ತಾರೆ. ಒಪ್ಪಿದರೆ ಹೊಸ ತಾರೀಕನ್ನು ಬರಹದಲ್ಲಿ ತಗೊಳ್ಳಿ. ಒಪ್ಪದಿದ್ದರೆ ಆಷಾಢಕ್ಕೆ ಮುಂಚೆಯೇ ಹೊಸ ಮನೆಯಲ್ಲಿ ಹಾಲು ಉಕ್ಕಿಸಿಬಿಟ್ಟು ಸಾಮಾನು ಆಮೇಲೆ ಸಾಗಿಸಿ. ನಮ್ಮ ಮನೆಯಲ್ಲಿ ಎರಡು ಸಲ ಹೀಗೇ ಮಾಡಿದ್ದೇವೆ.

## ಖಾಲಿ ಮಾಡುವ ದಿನ

ಸಾಮಾನು ಎಲ್ಲಾ ಸಾಗಿಸಿ ಬೀಗ ಹಾಕಿಕೊಂಡು ಬಂದೆ. ಮನೆ ಬಿಟ್ಟ ಹಾಗೇ ಅಲ್ವಾ?

ಅಲ್ಲ. ಜಾಸ್ತಿ ಜನ ಎಡವುವುದು ಇಲ್ಲೇ. ಮನೆ ಖಾಲಿ ಮಾಡುವುದು ಬೇರೆ, ಸ್ವಾಧೀನ ಬಿಟ್ಟುಕೊಡುವುದು ಬೇರೆ. ಬಾಡಿಗೆ ಮುಗಿದ ಮೇಲೆ ಮನೆಯನ್ನು ಓನರ್ ಸ್ವಾಧೀನಕ್ಕೆ ಕೊಡುವುದು ಬಾಡಿಗೆದಾರರ ಹೊಣೆ ಅಂತ ಕಾಯ್ದೆಯಲ್ಲೇ ಇದೆ. ನಿಮ್ಮ ಬೀಗ ಆ ಬಾಗಿಲಲ್ಲಿ ಇರುವವರೆಗೆ ಮನೆ ನಿಮ್ಮ ಕೈಲೇ ಇದೆ. ಬಾಡಿಗೆಯ ಮೀಟರ್ ಓಡುತ್ತಲೇ ಇರುತ್ತದೆ.

ನನ್ನದೇ ಕಥೆ ಹೇಳುತ್ತೇನೆ. ವಿಜಯನಗರದ ಒಂದು ಮನೆಯಿಂದ 28ನೇ ತಾರೀಕು ಸಾಮಾನು ಸಾಗಿಸಿದೆ. ಓನರ್ ತಿರುಪತಿಗೆ ಹೋಗಿದ್ದರು. ಬಂದ ಮೇಲೆ ಕೊಟ್ಟರಾಯಿತು ಅಂತ ಕೀ ಜೇಬಿಗೆ ಹಾಕಿಕೊಂಡೆ. ಅವರು ಬಂದು ಬಾಗಿಲು ತೆಗೆಸಿದ್ದು 9ನೇ ತಾರೀಕು. ಅಡ್ವಾನ್ಸಿನಲ್ಲಿ ಒಂಬತ್ತು ದಿನದ ಬಾಡಿಗೆ ಹಿಡಿದರು. ಮನೆ ಖಾಲಿ ಇತ್ತಲ್ಲ ಸಾರ್ ಅಂದೆ. "ಖಾಲಿ ಇತ್ತೋ ಇಲ್ಲವೋ ನಂಗೇನ್ರೀ ಗೊತ್ತು, ಕೀ ನಿಮ್ಮ ಹತ್ರ ಇತ್ತು" ಅಂದರು. ಸಾಲದ್ದಕ್ಕೆ ಅಡುಗೆಮನೆ ಸಜ್ಜದ ಮೇಲೆ ನಮ್ಮ ಅಜ್ಜಿಯ ತಾಮ್ರದ ಹಂಡೆ ಹಾಗೇ ಕೂತಿತ್ತು! ಅದನ್ನು ತೋರಿಸಿದ ಮೇಲೆ ನನ್ನ ಬಾಯಿ ಕಟ್ಟಿತು.

ಅವತ್ತಿನಿಂದ ಪ್ರತಿ ಮನೆ ಬಿಡುವಾಗಲೂ ಒಂದು ಹಾಳೆ ಬರೆಯುತ್ತೇನೆ. ಇಬ್ಬರೂ ಮನೆಯೆಲ್ಲಾ ಸುತ್ತಿ ಬಂದ ಮೇಲೆ, ಅಲ್ಲೇ ಕಿಟಕಿ ಕಟ್ಟೆಯ ಮೇಲೆ ಇಟ್ಟುಕೊಂಡು: "ಇಂದು ಸಂಜೆ 5 ಗಂಟೆಗೆ ಮನೆಯ ಖಾಲಿ ಸ್ವಾಧೀನ ಪಡೆದಿದ್ದೇನೆ. ಮುಂಬಾಗಿಲ ಕೀ 3, ಬೆಡ್‌ರೂಮ್ ಕೀ 2, ಗೇಟ್ ಕೀ 1. ಕರೆಂಟ್ ಮೀಟರ್ ರೀಡಿಂಗ್ ಇಷ್ಟು. ಇಂದಿನವರೆಗಿನ ಬಾಡಿಗೆ ಸಂದಾಯವಾಗಿದೆ. ಬಾತ್‌ರೂಮ್ ಕೊಳಾಯಿ ಒಂದು ಸೋರುತ್ತಿದೆ. ಬೇರೇನೂ ಹಾನಿ ಇಲ್ಲ." ಕೆಳಗೆ ಇಬ್ಬರ ಸಹಿ. ಐದು ನಿಮಿಷದ ಕೆಲಸ. ಗೋಡೆ, ಸಿಂಕ್, ಕಮೋಡ್, ಸ್ವಿಚ್‌ಬೋರ್ಡುಗಳ ವಿಡಿಯೊ ಮಾಡಿಟ್ಟುಕೊಳ್ಳಿ. ಸಜ್ಜ, ಟೆರೇಸ್, ಮೆಟ್ಟಿಲ ಕೆಳಗಿನ ಜಾಗ ಮರೆಯಬೇಡಿ.

ಓನರ್ ಅಮೆರಿಕದಲ್ಲಿದಾರೆ. ಪಕ್ಕದ ಮನೆ ಆಂಟಿ ಹತ್ರ ಕೀ ಕೊಟ್ಟುಬಿಡಿ ಅಂತಾರೆ. ಕೊಡಲಾ?

ಓನರ್ ಬರಹದಲ್ಲಿ ಹೇಳಿದರೆ ಕೊಡಿ. ಇಂಥವರ ಕೈಗೆ ಕೀ ಕೊಡಿ, ಕೊಟ್ಟರೆ ನನಗೆ ಕೊಟ್ಟಂತೆ ಅಂತ ಒಂದು ಇಮೇಲ್ ಅಥವಾ ಮೆಸೇಜ್ ಸಾಕು. ಕೀ ತಗೊಂಡವರಿಂದಲೂ ಒಂದು ಸಾಲು ಬರೆಸಿಕೊಳ್ಳಿ. ಬ್ರೋಕರ್ ಕೈಗೆ ಸುಮ್ನೆ ಕೀ ಕೊಟ್ಟು ಹೋಗಬೇಡಿ. ಆಮೇಲೆ ಅವರು ನನ್ನ ಕಡೆಯವರೇ ಅಲ್ಲ ಅನ್ನುವ ಮಾತು ಬರುತ್ತದೆ.

ಓನರ್ ಊರಲ್ಲೇ ಇದ್ದೂ ಕೀ ತಗೊಳ್ಳೋಕೆ ಬರದೆ ಸತಾಯಿಸಿದರೆ, ಇಂಥ ದಿನ ಇಷ್ಟು ಗಂಟೆಗೆ ಮನೆ ಒಪ್ಪಿಸಲು ಕಾಯುತ್ತಿದ್ದೆ, ನೀವು ಬರಲಿಲ್ಲ ಅಂತ ಅವತ್ತೇ ಬರೆದು ಸ್ಪೀಡ್ ಪೋಸ್ಟ್ ಮಾಡಿ. ನೀವು ಕೊಡೋಕೆ ತಯಾರಿದ್ದಿರಿ ಅನ್ನುವುದು ಎಲ್ಲೋ ಒಂದು ಕಡೆ ದಾಖಲಾಗಿರಬೇಕು.

ಕರೆಂಟ್ ಬಿಲ್, ಗೃಹಜ್ಯೋತಿ ಏನು ಮಾಡಬೇಕು?

ಮೀಟರ್ ರೀಡಿಂಗ್ ಫೋಟೊ ತೆಗೆದು ಅವತ್ತಿನವರೆಗಿನ ಬಿಲ್ ಅಂದಾಜು ಮಾಡಿ ಲೆಕ್ಕ ಮುಗಿಸಿ. ಗೃಹಜ್ಯೋತಿ ಬಾಡಿಗೆದಾರರಿಗೂ ಸಿಗುತ್ತದೆ, ಆದರೆ ಅದು ನಿಮ್ಮ ಆಧಾರ್ ಮತ್ತು ಆ ಮನೆಯ ಆರ್‌ಆರ್ ನಂಬರಿನ ಜೋಡಿ. ಮನೆ ಬಿಟ್ಟ ಮೇಲೆ ಸೇವಾಸಿಂಧು ಪೋರ್ಟಲಿನಲ್ಲಿ ಡಿ-ಲಿಂಕ್ ಮಾಡಿ. ಮಾಡದಿದ್ದರೆ ಹೊಸ ಮನೆಗೆ ನೀವು ಅರ್ಜಿ ಹಾಕೋಕೆ ಆಗುವುದಿಲ್ಲ, ಹಳೆ ಮನೆಗೆ ಬಂದವರಿಗೂ ತೊಡಕು. ಗ್ಯಾಸ್ ಸಿಲಿಂಡರ್ ವಿಳಾಸವನ್ನೂ ಅದೇ ವಾರ ಬದಲಿಸಿ.

ನಾನೇ ಹಾಕಿಸಿದ ಗೀಸರ್, ಸೊಳ್ಳೆ ಜಾಲರಿ, ಫ್ಯಾನ್ ಬಿಚ್ಚಿಕೊಂಡು ಹೋಗಬಹುದಾ?

ಹೋಗಬಹುದು. ಮನೆಯನ್ನು ನೀವು ಬಂದಾಗ ಇದ್ದ ಸ್ಥಿತಿಯಲ್ಲಿ ಬಿಡಬೇಕು, ಅದೊಂದೇ ಷರತ್ತು. ಡ್ರಿಲ್ ಮಾಡಿದ ತೂತಿಗೆ ವೈಟ್ ಸಿಮೆಂಟ್ ತುಂಬಿಸಿ, ಹಳೆ ಫ್ಯಾನ್ ಇತ್ತಾದರೆ ವಾಪಸ್ ಹಾಕಿಸಿ. ಬಿಚ್ಚುವುದೆಲ್ಲಾ ಕೀ ಕೊಡುವ ಮೊದಲೇ ಆಗಬೇಕು. ಸ್ವಾಧೀನ ಕೊಟ್ಟ ಮೇಲೆ ಗೀಸರ್ ಬಿಟ್ಟುಬಂದೆ, ನಾಳೆ ಬರ್ತೀನಿ ಅಂದರೆ ಅದು ಓನರ್ ದಾಕ್ಷಿಣ್ಯಕ್ಕೆ ಬಿಟ್ಟದ್ದು.

## ಅಡ್ವಾನ್ಸ್ ಲೆಕ್ಕ

ಪೇಂಟಿಂಗಿಗೆ ಅಂತ ಒಂದು ತಿಂಗಳ ಬಾಡಿಗೆ ಹಿಡಿಯುತ್ತಾರೆ. ಇದು ಸರಿನಾ?

ಅಗ್ರಿಮೆಂಟಿನಲ್ಲಿ ಬರೆದು ನೀವು ಸಹಿ ಹಾಕಿದ್ದರೆ ಸರಿ. ಬೆಂಗಳೂರಿನಲ್ಲಿ ಅದು ಪದ್ಧತಿಯೇ ಆಗಿಬಿಟ್ಟಿದೆ. ಬರೆದಿಲ್ಲದಿದ್ದರೆ ಪದ್ಧತಿ ಅನ್ನುವ ಒಂದೇ ಕಾರಣಕ್ಕೆ ಹಿಡಿಯುವ ಹಾಗಿಲ್ಲ. ಬಾಡಿಗೆದಾರರು ಮನೆಯನ್ನು ಪಡೆದಾಗಿನ ಸ್ಥಿತಿಯಲ್ಲಿ ಒಪ್ಪಿಸಬೇಕು, ಆದರೆ ದಿನನಿತ್ಯದ ಬಳಕೆಯಿಂದ ಆಗುವ ಸವಕಳಿ ಅದರಲ್ಲಿ ಬರುವುದಿಲ್ಲ ಅಂತ 1882ರ ಕಾಯ್ದೆಯ 108ನೇ ಸೆಕ್ಷನ್ ಹೇಳುತ್ತದೆ. ಬಿಸಿಲಿಗೆ ಬಣ್ಣ ಮಾಸುವುದು, ಕ್ಯಾಲೆಂಡರಿನ ನಾಲ್ಕು ಮೊಳೆ ತೂತು, ಸ್ವಿಚ್ ಸುತ್ತ ಕೈ ಗುರುತು ಎಲ್ಲಾ ಸವಕಳಿ. ಹಾಲ್ ಗೋಡೆ ತುಂಬಾ ಮಗು ಕ್ರೇಯಾನಿನಲ್ಲಿ ಬರೆದ ಆನೆ, ಒಡೆದ ವಾಶ್‌ಬೇಸಿನ್, ಕಿತ್ತುಬಂದ ಬಾಗಿಲ ಚಿಲಕ ಹಾನಿ. ಅದಕ್ಕೆ ದುಡ್ಡು ಕೊಡಬೇಕಾದ್ದೇ.

ಓನರ್ ಆಗಿ ನಾನು ಏನು ಮಾಡುತ್ತೇನೆ? ಎರಡು ವರ್ಷ ಮೀರಿ ಇದ್ದವರಿಂದ ಪೇಂಟಿಂಗ್ ದುಡ್ಡು ಹಿಡಿಯುವುದಿಲ್ಲ. ಅಷ್ಟು ದಿನಕ್ಕೆ ಹೇಗೂ ನಾನೇ ಬಣ್ಣ ಹೊಡೆಸಬೇಕಿತ್ತು. ಇದು ನನ್ನ ಲೆಕ್ಕ, ಕಾನೂನಲ್ಲ. ನೀವು ಕೊಡುವುದೇ ಆದರೆ ಪೇಂಟರ್ ಬಿಲ್ ಕೇಳಿ. ಕೇಳಿದ ತಕ್ಷಣ ಮೊತ್ತ ಇಳಿಯುವುದನ್ನು ನೋಡಿದ್ದೇನೆ.

ಕೊನೆ ಎರಡು ತಿಂಗಳ ಬಾಡಿಗೆ ಅಡ್ವಾನ್ಸಲ್ಲೇ ಹಿಡ್ಕೊಳ್ಳಿ ಅನ್ನಬಹುದಾ?

ಕೇಳಬಹುದು. ಓನರ್ ಬರಹದಲ್ಲಿ ಒಪ್ಪಿದರೆ ಸರಿ. ಒಪ್ಪದೆ ನೀವೇ ನಿಲ್ಲಿಸಿದರೆ ಅದು ಬಾಡಿಗೆ ಬಾಕಿ. ಅಡ್ವಾನ್ಸ್ ವಾಪಸ್ ಬರುವುದು ಅನುಮಾನ ಅಂತ ಅನಿಸಿದಾಗ ಎಲ್ಲರೂ ಮಾಡುವ ಉಪಾಯ ಇದು, ಅರ್ಥವಾಗುತ್ತದೆ. ಆದರೆ ತಪ್ಪು ನಿಮ್ಮ ಕಡೆ ಬರುತ್ತದೆ.

ಹೊಸ ಬಾಡಿಗೆದಾರ ಬಂದು ಅಡ್ವಾನ್ಸ್ ಕೊಟ್ಟ ಮೇಲೆ ನಿಮ್ಮದು ಕೊಡ್ತೀನಿ ಅಂತಿದಾರೆ. ಕೊಡುವವರೆಗೂ ಕೀ ಕೊಡಬಾರದಾ?

ಹೊಸಬರು ಬರುವುದಕ್ಕೂ ನಿಮ್ಮ ದುಡ್ಡಿಗೂ ಸಂಬಂಧ ಇಲ್ಲ, ಕರಾರಿನಲ್ಲಿ ಹಾಗೆ ಬರೆದಿದ್ದರೆ ಬೇರೆ ಮಾತು. ಆದರೆ ಕೀ ಇಟ್ಟುಕೊಂಡು ಕೂರುವುದನ್ನು ನಾನು ಯಾರಿಗೂ ಹೇಳಲ್ಲ. ಕೂತಷ್ಟು ದಿನದ ಬಾಡಿಗೆಯನ್ನು ಅದೇ ಅಡ್ವಾನ್ಸಿನಲ್ಲಿ ಹಿಡಿಯುತ್ತಾರೆ.

ಒಂದು ಕೈಲಿ ಕೀ, ಇನ್ನೊಂದು ಕೈಲಿ ದುಡ್ಡು ಅಂತ ಮೊದಲೇ ಮಾತಾಡಿಕೊಳ್ಳಿ. ಇದರಲ್ಲೊಂದು ಸಣ್ಣ ತಾಂತ್ರಿಕ ತೊಡಕಿದೆ. ಯುಪಿಐನಲ್ಲಿ ಒಬ್ಬರಿಗೊಬ್ಬರು ಕಳಿಸುವುದಕ್ಕೆ ಸಾಮಾನ್ಯವಾಗಿ ದಿನಕ್ಕೆ 1 ಲಕ್ಷದ ಮಿತಿ. ಒಂದೂವರೆ ಲಕ್ಷವನ್ನು ಬಾಗಿಲಲ್ಲಿ ನಿಂತು ಒಂದೇ ಸಲ ಕಳಿಸೋಕೆ ಆಗಲ್ಲ. ಎರಡು ದಿನ ಮುಂಚೆಯೇ ನಿಮ್ಮ ಖಾತೆಯನ್ನು ಅವರ ಬ್ಯಾಂಕ್ ಆ್ಯಪಿನಲ್ಲಿ ಸೇರಿಸಲು ಹೇಳಿ. ಶುಕ್ರವಾರ ಮನೆಯಿಂದ ದುಡ್ಡು ಆಚೆ ಕೊಡಲ್ಲ ಅನ್ನುವ ಓನರುಗಳೂ ಇದ್ದಾರೆ, ಕೀ ಕೊಡುವ ದಿನ ಗೊತ್ತು ಮಾಡುವಾಗ ಅದನ್ನೂ ಕೇಳಿಕೊಳ್ಳಿ.

ಕೀ ಕೊಟ್ಟ ಮೇಲೂ ದುಡ್ಡು ಬರಲಿಲ್ಲ ಅಂದರೆ, ಬಾಕಿ ಎಷ್ಟು ಅಂತ ಅವರಿಂದ ಬರೆಸಿಕೊಂಡು ತಾರೀಕು ಹಾಕಿಸಿಕೊಳ್ಳಿ. ಆಮೇಲೆ ವಕೀಲರ ನೋಟಿಸ್. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಕೇಸ್ ಹಾಕುವ ಮುಂಚೆಯೇ ರಾಜಿ ಮಾಡಿಸುವ ವ್ಯವಸ್ಥೆ ಇದೆ. ಸಹಾಯವಾಣಿ 15100. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗುತ್ತಾರೆ. ಕೋರ್ಟಿಗೇ ಹೋಗುವುದಾದರೆ ಮೂರು ವರ್ಷದೊಳಗೆ ಹೋಗಬೇಕು. ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಅಡ್ವಾನ್ಸ್ ತಗೋಬಾರದು ಅಂತ ಕೇಂದ್ರ ಕಾನೂನು ತಂದಿದೆಯಲ್ಲ ಅಂತ ಕೆಲವರು ಕೇಳುತ್ತಾರೆ. 2021ರದ್ದು ಮಾದರಿ ಕಾಯ್ದೆ. ರಾಜ್ಯ ತನ್ನದೇ ಕಾನೂನು ಮಾಡಿದರೆ ಮಾತ್ರ ಅದು ಇಲ್ಲಿ ನಡೆಯುತ್ತದೆ.

## ಓನರ್ ಕಡೆಯಿಂದ

ನೋಟಿಸ್ ಅವಧಿ ಮುಗೀತು, ಅವರು ಜಾಗ ಬಿಡ್ತಿಲ್ಲ. ಬೀಗ ಬದಲಿಸಲಾ? ಕರೆಂಟ್ ತೆಗೀಲಾ?

ಎರಡೂ ಬೇಡ. ಮನೆ ನಿಮ್ಮದೇ ಆದರೂ ಸ್ವಾಧೀನ ಅವರದು. ಕಾನೂನಿನ ದಾರಿ ಬಿಟ್ಟು ಅವರನ್ನು ಹೊರಹಾಕಿದರೆ, 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ ಅವರು ಆರು ತಿಂಗಳೊಳಗೆ ಕೋರ್ಟಿಗೆ ಹೋಗಿ ಸ್ವಾಧೀನ ವಾಪಸ್ ಕೇಳಬಹುದು. ಅಲ್ಲಿ ಮಾಲೀಕರು ಯಾರು ಅನ್ನುವ ಪ್ರಶ್ನೆಯೇ ಬರಲ್ಲ. ಯಾರ ಸ್ವಾಧೀನ ಇತ್ತು, ಹೇಗೆ ತಪ್ಪಿತು ಅಷ್ಟೇ. ಪೊಲೀಸರೂ ಸಾಮಾನ್ಯವಾಗಿ ಇದು ಸಿವಿಲ್ ವಿಷಯ ಅಂತ ಕೈ ತೊಳೆದುಕೊಳ್ಳುತ್ತಾರೆ.

ಇರುವ ದಾರಿ ಸ್ವಾಧೀನಕ್ಕಾಗಿ ದಾವೆ. ನೋಟಿಸ್ ಮುಗಿದ ದಿನದಿಂದ ಮನೆ ಬಿಡುವವರೆಗೆ ಬಳಸಿಕೊಂಡದ್ದಕ್ಕೆ ಪರಿಹಾರವನ್ನೂ ಅದರಲ್ಲೇ ಕೇಳಬಹುದು. ಕೋರ್ಟು ನಿಧಾನ, ನಿಜ. ಅದಕ್ಕೇ ಬಹಳ ಓನರುಗಳು ಸಾಗಾಟದ ಖರ್ಚು ಕೊಟ್ಟು, ಅರ್ಧ ತಿಂಗಳ ಬಾಡಿಗೆ ಬಿಟ್ಟು ಮಾತಿನಲ್ಲೇ ಮುಗಿಸಿಕೊಳ್ಳುತ್ತಾರೆ. ಅವಮಾನ ಅನಿಸಬಹುದು, ಆದರೆ ಅಗ್ಗ.

ನೋಟಿಸ್ ಕೊಟ್ಟ ಮೇಲೂ ಅವರು ಪ್ರತಿ ತಿಂಗಳು ಬಾಡಿಗೆ ಹಾಕ್ತಾನೇ ಇದಾರೆ. ತಗೋಬಹುದಾ?

ಎಚ್ಚರ. ನೋಟಿಸ್ ಅವಧಿ ಮುಗಿದ ಮೇಲಿನ ಬಾಡಿಗೆಯನ್ನು ಬಾಡಿಗೆ ಅಂತಲೇ ತಗೊಂಡರೆ, ನೀವು ನೋಟಿಸ್ ಕೈಬಿಟ್ಟಿರಿ ಅಂತ ಅವರು ವಾದಿಸಬಹುದು. 1882ರ ಕಾಯ್ದೆಯ 113ನೇ ಸೆಕ್ಷನ್ ಇರುವುದು ಅದಕ್ಕೇ. ಖಾತೆಗೆ ದುಡ್ಡು ಬಂದು ಬೀಳುವುದನ್ನು ತಡೆಯೋಕೆ ಆಗಲ್ಲ. ಬಂದ ತಕ್ಷಣ ಬರೆದು ಕಳಿಸಿ: "ಇದನ್ನು ಮನೆ ಬಳಸಿಕೊಂಡದ್ದಕ್ಕೆ ಪರಿಹಾರವಾಗಿ ಮಾತ್ರ ಪಡೆದಿದ್ದೇನೆ, ಬಾಡಿಗೆಯಾಗಿ ಅಲ್ಲ. ನನ್ನ ನೋಟಿಸ್ ಹಾಗೇ ಇದೆ." ಪ್ರತಿ ತಿಂಗಳೂ ಕಳಿಸಿ.

ಬಾಡಿಗೆ ಕಾಯ್ದೆ ಇದೆಯಲ್ಲ, ಕಾರಣ ಇಲ್ಲದೆ ಬಿಡಿಸೋಕೆ ಆಗಲ್ಲ ಅಂತಾರೆ?

ಅದು 1999ರ ಕರ್ನಾಟಕ ಬಾಡಿಗೆ ಕಾಯ್ದೆ, 2001ರ ಡಿಸೆಂಬರ್ 31ರಿಂದ ಜಾರಿಯಲ್ಲಿದೆ. ಅದರಡಿ ಬಿಡಿಸಬೇಕಾದರೆ ಕಾರಣ ತೋರಿಸಲೇಬೇಕು. ಆದರೆ ತಿಂಗಳ ಬಾಡಿಗೆ ಬೆಂಗಳೂರಿನಂಥ ಊರಲ್ಲಿ 3,500 ರೂಪಾಯಿ, ಬೇರೆ ಕಡೆ 2,000 ರೂಪಾಯಿ ದಾಟಿದ ಮನೆಗಳಿಗೆ ಅದು ಅನ್ವಯಿಸುವುದಿಲ್ಲ. ಇವತ್ತು ಆ ಬಾಡಿಗೆಗೆ ಕಾರ್ ನಿಲ್ಲಿಸುವ ಜಾಗ ಸಿಕ್ಕರೆ ಪುಣ್ಯ. ಹಳೇ ಪೇಟೆಗಳಲ್ಲಿ ದಶಕಗಳಿಂದ ಇರುವವರನ್ನು ಬಿಟ್ಟರೆ ಉಳಿದವರಿಗೆಲ್ಲಾ 1882ರ ಕಾಯ್ದೆಯೇ.

12 ವರ್ಷ ಒಂದೇ ಮನೆಯಲ್ಲಿದ್ರೆ ಮನೆ ಬಾಡಿಗೆದಾರರದೇ ಆಗುತ್ತಂತೆ, ಹೌದಾ?

ಇಲ್ಲ. ಓನರ್ ಒಪ್ಪಿಗೆಯಿಂದ ಒಳಗೆ ಬಂದು ಬಾಡಿಗೆ ಕಟ್ಟುತ್ತಿರುವವರಿಗೆ ಎಷ್ಟು ವರ್ಷವಾದರೂ ಹಕ್ಕು ಹುಟ್ಟುವುದಿಲ್ಲ. 12 ವರ್ಷ ಅನ್ನುವ ಸಂಖ್ಯೆ ಗಾಳಿಯಲ್ಲಿ ಬಂದದ್ದೂ ಅಲ್ಲ. ಬಾಡಿಗೆ ಕೊನೆಗೊಂಡ ಮೇಲೆ ಸ್ವಾಧೀನ ಕೇಳಿ ದಾವೆ ಹಾಕೋಕೆ ಓನರಿಗೆ ಇರುವ ಗಡುವು ಅದು. ನೋಟಿಸ್ ಕೊಟ್ಟು ಮಲಗಿಬಿಡಬೇಡಿ, ಅಷ್ಟೇ.

## ಸ್ವಲ್ಪ ತೊಡಕಿನವು

ನಾನಿರುವಾಗಲೇ ಓನರ್ ಮನೆ ಮಾರಿದರು. ಅಡ್ವಾನ್ಸ್ ಯಾರನ್ನು ಕೇಳಲಿ?

ಮನೆ ಮಾರಿದರೆ ಬಾಡಿಗೆ ಮುರಿಯುವುದಿಲ್ಲ, ಹೊಸಬರು ನಿಮ್ಮ ಓನರ್ ಆಗುತ್ತಾರೆ. ಬಾಡಿಗೆ ಯಾರಿಗೆ ಕಟ್ಟಬೇಕು, ಅಡ್ವಾನ್ಸ್ ಯಾರ ಕೈಲಿದೆ ಅಂತ ಹಳಬರಿಂದಲೂ ಹೊಸಬರಿಂದಲೂ ಒಂದೇ ಕಾಗದದಲ್ಲಿ ಸಹಿ ಮಾಡಿಸಿಕೊಳ್ಳಿ. ಕ್ರಯ ಆದ ವಾರವೇ ಕೇಳಿ. ಆಗ ಇಬ್ಬರೂ ಖುಷಿಯಲ್ಲಿರುತ್ತಾರೆ. ಓನರ್ ತೀರಿಕೊಂಡಿದ್ದರೆ ವಾರಸುದಾರರಲ್ಲಿ ಒಬ್ಬರ ಕೈಗೆ ಕೀ ಕೊಟ್ಟು ಉಳಿದವರ ಜಗಳಕ್ಕೆ ಸಿಕ್ಕಿಹಾಕಿಕೊಳ್ಳಬೇಡಿ. ಎಲ್ಲರೂ ಒಪ್ಪಿದವರ ಹೆಸರನ್ನು ಬರಹದಲ್ಲಿ ತಗೊಳ್ಳಿ.

ನಮ್ಮದು ಬಾಡಿಗೆ ಅಲ್ಲ, 8 ಲಕ್ಷಕ್ಕೆ ಲೀಸ್. ಇದೇ ನಿಯಮಗಳಾ?

ಅಲ್ಲ. ನಾವು ಲೀಸ್ ಅನ್ನುವುದು ಬಹಳ ಸಲ ಭೋಗ್ಯ. ತಿಂಗಳ ಬಾಡಿಗೆಯೇ ಇಲ್ಲದಿರುವಾಗ ಈ 15 ದಿನದ ಲೆಕ್ಕ ಇಲ್ಲಿಗೆ ಹೊಂದಲ್ಲ. ಕಾಗದದಲ್ಲಿ ಏನಿದೆ, ನೋಂದಣಿ ಆಗಿದೆಯಾ ಅನ್ನುವುದರ ಮೇಲೆ ಎಲ್ಲಾ ನಿಂತಿದೆ. ಪೂರ್ತಿ ದುಡ್ಡು ಖಾತೆಗೆ ಬರುವ ಮುಂಚೆ ಸ್ವಾಧೀನ ಬಿಡಬೇಡಿ, ವಕೀಲರಿಗೆ ಕಾಗದ ತೋರಿಸಿ. ಅಡ್ವಾನ್ಸ್ ವಿಷಯದಲ್ಲಿ ನಾನು ಹೇಳಿದ್ದಕ್ಕೆ ಇದು ಉಲ್ಟಾ, ಗೊತ್ತು. ಅಲ್ಲಿ ಪಣಕ್ಕಿರುವುದು ಕೆಲವು ತಿಂಗಳ ಬಾಡಿಗೆ, ಇಲ್ಲಿ ಎಷ್ಟೋ ಮನೆಗಳ ಇಡೀ ಉಳಿತಾಯ.

ಬಾಡಿಗೆ 60,000. ಮನೆ ಬಿಡುವಾಗ ಟಿಡಿಎಸ್ ಅಂತ ಏನೋ ಕಟ್ಟಬೇಕಂತೆ?

ಹೌದು. ತಿಂಗಳ ಬಾಡಿಗೆ 50,000 ದಾಟಿದರೆ ಸಂಬಳದಾರರಾದ ನೀವೂ ಟಿಡಿಎಸ್, ಅಂದರೆ ಓನರ್ ಪರವಾಗಿ ಬಾಡಿಗೆಯಲ್ಲೇ ಆದಾಯ ತೆರಿಗೆ, ಹಿಡಿದು ಕಟ್ಟಬೇಕು. 2024ರ ಅಕ್ಟೋಬರಿನಿಂದ ದರ 2%. ಮಾರ್ಚ್ ತಿಂಗಳಲ್ಲಿ ಅಥವಾ ಮನೆ ಬಿಡುವ ಕೊನೆಯ ತಿಂಗಳಲ್ಲಿ, ಯಾವುದು ಮೊದಲೋ ಆಗ, ಆ ಆರ್ಥಿಕ ವರ್ಷದ ಒಟ್ಟು ಬಾಡಿಗೆಯ ಮೇಲೆ ಹಿಡಿಯಬೇಕು. ಏಪ್ರಿಲಿನಿಂದ ಸೆಪ್ಟೆಂಬರ್‌ವರೆಗೆ ಇದ್ದು ಬಿಟ್ಟರೆ ಆರು ತಿಂಗಳ 3,60,000ಕ್ಕೆ 7,200 ರೂಪಾಯಿ. ಕೊನೆ ಬಾಡಿಗೆ ಪೂರ್ತಿ ಕೊಟ್ಟು ಆಮೇಲೆ ನೆನಪಾದರೆ ಅದು ನಿಮ್ಮ ಜೇಬಿನಿಂದಲೇ ಹೋಗುತ್ತದೆ. ಓನರ್ ಅನಿವಾಸಿ ಭಾರತೀಯರಾದರೆ ಈ 50,000ದ ವಿನಾಯಿತಿ ಇಲ್ಲ, ದರವೂ ತುಂಬಾ ಜಾಸ್ತಿ. ಕೀ ಕೊಡುವ ತಿಂಗಳಿಗೆ ಕಾಯದೆ, ಮೊದಲ ಬಾಡಿಗೆ ಕಟ್ಟುವಾಗಲೇ ಆಡಿಟರನ್ನು ಕೇಳಿ.